ಗಂಟೆಗೊಂದು ಹನಿ

ಫೆಬ್ರವರಿ 9

ಅತ್ತೆಯವರಿಗೆ ನಮಸ್ಕಾರ.

ಸುಖವಾಗಿ ಬಂದು ತಲುಪಿದ್ದನ್ನು ಫೋನಿನಲ್ಲೇ ಹೇಳಿದ್ದೆ. ಆದರೆ ಫೋನು ಗುಬ್ಬಿಯ ಕೈಗೆ ಹೋದ ಮೇಲೆ ನಮ್ಮಿಬ್ಬರಿಗೂ ಬಾಯಿ ತೆರೆಯಲು ಜಾಗವಿರುವುದಿಲ್ಲ. ಆರು ವರ್ಷದ ನನ್ನ ಮಗಳ ಹೊಟ್ಟೆಯಲ್ಲಿ ಅಷ್ಟೊಂದು ಸುದ್ದಿ ಎಲ್ಲಿ ಹುಟ್ಟುತ್ತದೋ ಗೊತ್ತಿಲ್ಲ. ಅದಕ್ಕೇ ಈ ಕಾಗದ.

ನನ್ನ ಕೋಣೆ ಮೂರನೆಯ ಮಹಡಿಯಲ್ಲಿದೆ. ಕೆಳಗೆ ಗಾಜು ಕತ್ತರಿಸುವ ಅಂಗಡಿ. ಬೆಳಿಗ್ಗೆ ಅವರು ಶುರು ಮಾಡಿದರೆ ನನ್ನ ಹಲ್ಲು ಜುಮ್ಮೆನ್ನುತ್ತದೆ, ಹಾಗಾಗಿ ಬೇಗ ಲ್ಯಾಬಿಗೆ ಹೊರಡುತ್ತೇನೆ. ಲ್ಯಾಬು ನಮ್ಮ ಮನೆಯ ಹಾಲಿಗಿಂತ ಸ್ವಲ್ಪ ದೊಡ್ಡದು. ನನ್ನ ಮೇಜಿನ ಮೇಲೆ ಇರುವುದು ಒಂದು ಪಂಪು. ಪಂಪು ಎಂದರೆ ನೀರೆತ್ತುವುದಲ್ಲ. ಟಿಫಿನ್ ಡಬ್ಬಿಯಷ್ಟು ಗಾತ್ರ. ಅದರ ಬೆನ್ನ ಮೇಲೆ ಒಂದು ಸಿರಿಂಜು ಮಲಗಿರುತ್ತದೆ. ಒಳಗೆ ಮೋಟಾರು ತಿರುಪನ್ನು ತಿರುಗಿಸುತ್ತದೆ, ತಿರುಪು ಒಂದು ದಿಮ್ಮಿಯನ್ನು ತಳ್ಳುತ್ತದೆ, ದಿಮ್ಮಿ ಸಿರಿಂಜನ್ನು ಒತ್ತುತ್ತದೆ. ಎಷ್ಟು ನಿಧಾನ ಅಂದರೆ, ಒಂದು ಹನಿ ಹೊರಬರಲು ಸುಮಾರು ಒಂದು ಗಂಟೆ ಬೇಕು.

ಆ ಹನಿ ಹೋಗುವುದು ಕೂದಲೆಳೆಯಂಥ ಕೊಳವೆಯ ಮೂಲಕ, ಪುಟ್ಟ ಗೂಡಿನಲ್ಲಿ ಕೂತಿರುವ ಲಿವರಿನ ಚೂರಿಗೆ. ಮನುಷ್ಯರ ಜೀವಕೋಶಗಳಿಂದಲೇ ಬೆಳೆಸಿದ್ದು, ಸಾಸಿವೆ ಕಾಳಿಗಿಂತ ದೊಡ್ಡದಲ್ಲ. ಅದನ್ನು ತಿಂಗಳುಗಟ್ಟಲೆ ಬದುಕಿಸಿಟ್ಟರೆ, ಹೊಸ ಔಷಧಿಗಳನ್ನು ಜನರ ಹೊಟ್ಟೆಗೆ ಹಾಕುವ ಮೊದಲು ಅದಕ್ಕೆ ಕೊಟ್ಟು ನೋಡಬಹುದು. ಸದ್ಯಕ್ಕೆ ಯಾವುದೂ ಎರಡನೆಯ ವಾರ ದಾಟುತ್ತಿಲ್ಲ. ಅದನ್ನು ದಾಟಿಸುವುದಕ್ಕೇ ನನ್ನನ್ನು ಕರೆಸಿಕೊಂಡಿದ್ದಾರೆ.

ನಿಮ್ಮ ಮಗ ಊಟ ಸರಿಯಾಗಿ ಮಾಡುತ್ತಿದ್ದಾರಾ? ನನ್ನ ಜೊತೆ ಫೋನಿನಲ್ಲಿ "ಹೂಂ", "ಸರಿ", "ಗುಬ್ಬಿಗೆ ಕೊಡ್ತೀನಿ" ಇಷ್ಟೇ.

ನಿಮ್ಮ ಸೊಸೆ

*

ಫೆಬ್ರವರಿ 24

ಸೊಸೆಗೆ ಆಶೀರ್ವಾದ.

ನಿನ್ನ ಕಾಗದ ಬಂತು. ಗಂಟೆಗೊಂದು ಹನಿ ಕುಡಿದು ಸುಮ್ಮನಿರುವ ಮಗು ನನಗೆ ಸಿಕ್ಕಿದ್ದರೆ ನಾನು ನಾಲ್ಕು ಹೆರುತ್ತಿದ್ದೆ. ನಿನ್ನ ಗಂಡ ಚಿಕ್ಕವನಿದ್ದಾಗ ಬಾಟಲಿ ಖಾಲಿ ಮಾಡಿ, ಖಾಲಿ ಬಾಟಲಿಯಲ್ಲಿ ನನ್ನ ತಲೆಗೇ ಹೊಡೆಯುತ್ತಿದ್ದ.

ಅವನು ಈಗ ಜಡೆ ಹಾಕಲು ಕಲಿತಿದ್ದಾನೆ. ಮೊದಲ ವಾರ ಗುಬ್ಬಿಯ ತಲೆ ಸವೆದ ಪೊರಕೆಯಂತಿತ್ತು. ನಾನು ಹಾಕಿಕೊಡಬಹುದಿತ್ತು, ಬೇಕೆಂದೇ ಸುಮ್ಮನಿದ್ದೆ. ಮೂವತ್ತು ವರ್ಷ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವಳು ನಾನು. ಬಿದ್ದ ಹುಡುಗರನ್ನು ಓಡಿಹೋಗಿ ಎತ್ತಿದರೆ ಅವರು ಎದ್ದು ನಿಲ್ಲುವುದನ್ನು ಕಲಿಯುವುದಿಲ್ಲ ಎಂದು ಗೊತ್ತು. ಈಗ ಜಡೆ ನೇರವಾಗಿ ಬರುತ್ತಿದೆ. ಬಸ್ಸುಗಳ ವೇಳಾಪಟ್ಟಿ ಬರೆಯುವ ಕೈ ತಾನೆ, ಗೆರೆ ಸೊಟ್ಟಗಾದರೆ ಅವನಿಗೂ ಸಹಿಸಲಾಗುವುದಿಲ್ಲ.

ಅವನ "ಹೂಂ", "ಸರಿ"ಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡ. ಹೇಳುವುದು ಹೆಚ್ಚಿದ್ದಷ್ಟೂ ಮಾತು ಕಡಿಮೆ ಮಾಡುವ ಜಾತಿ ಅದು. ನಿನ್ನ ಮಾವನೂ ಹಾಗೇ ಇದ್ದರು.

ಮತ್ತೆ ಬೆಚ್ಚಗಿನ ಬಟ್ಟೆ ಹಾಕಿಕೋ. ಲ್ಯಾಬಿನಲ್ಲಿ ತಣ್ಣಗಿರುತ್ತದೆ ಎಂದು ಗುಬ್ಬಿಯ ಟೀಚರ್ ಹೇಳಿದರು. ಅವರಿಗೆ ಹೇಗೆ ಗೊತ್ತೋ.

ನಿನ್ನ ಅತ್ತೆ

*

ಮಾರ್ಚ್ 30

ಅತ್ತೆಯವರಿಗೆ ನಮಸ್ಕಾರ.

ಒಳ್ಳೆಯ ಸುದ್ದಿ ಬರೆಯೋಣ ಎಂದು ಕಾದು ಕಾದು ತಡವಾಯಿತು. ಒಳ್ಳೆಯ ಸುದ್ದಿ ಇಲ್ಲ. ಮೂರನೆಯ ಸಲವೂ ಎಲ್ಲ ಚೂರುಗಳೂ ಸತ್ತವು. ಮೊದಲ ವಾರ ಚೆನ್ನಾಗಿಯೇ ಇರುತ್ತವೆ. ಆಮೇಲೆ ಅಂಚು ಮಸುಕಾಗುತ್ತದೆ, ಒಂದೊಂದೇ ಜೀವಕೋಶ ಕಳಚಿ ಹೋಗುತ್ತದೆ. ಬೆಳಿಗ್ಗೆ ಬಂದು ಸೂಕ್ಷ್ಮದರ್ಶಕದಲ್ಲಿ ಕಣ್ಣಿಡಲು ಭಯವಾಗುತ್ತದೆ.

ನಮ್ಮ ಲ್ಯಾಬಿನ ಮುಖ್ಯಸ್ಥರಿಗೆ ಇಲ್ಲಿಯ ಹುಡುಗರು ಸರಾಸರಿ ಸರ್ ಎಂದು ಹೆಸರಿಟ್ಟಿದ್ದಾರೆ. ಯಾಕೆಂದು ನನಗೆ ಈ ತಿಂಗಳು ಅರ್ಥವಾಯಿತು. ದ್ರವ ಹರಿಯುವ ರೀತಿಯೇ ಸರಿಯಿಲ್ಲ ಎಂದು ನನಗೆ ಅನುಮಾನ. ಅವರ ಹತ್ತಿರ ಹೇಳಿದೆ. ಅವರು ಪಂಪಿನ ಬಾಯಿಯನ್ನು ತಕ್ಕಡಿಯ ಮೇಲಿಟ್ಟು, ಇಡೀ ದಿನ ಬಿದ್ದ ದ್ರವವನ್ನು ತೂಗಿಸಿದರು. ಎಷ್ಟು ಬೀಳಬೇಕೋ ಅಷ್ಟೇ ಬಿದ್ದಿತ್ತು.

"ನೋಡಮ್ಮಾ, ಸರಾಸರಿ ಕರೆಕ್ಟಾಗಿದೆ. ಪಂಪಿನ ಮೇಲೆ ಗೂಬೆ ಕೂರಿಸ್ಬೇಡ. ನಿನ್ನ ಜೀವಕೋಶಗಳೇ ಸರಿಯಿಲ್ಲ" ಅಂದರು. ಕೆಟ್ಟವರಲ್ಲ. ಆದರೆ ತಕ್ಕಡಿ ಹೇಳಿದ ಮೇಲೆ ಅವರಿಗೆ ಬೇರೆ ಮಾತು ಬೇಡ. ಬೇಸಿಗೆ ರಜೆ ಮುಗಿಯುವ ತನಕ ನೋಡುತ್ತಾರಂತೆ. ಆಮೇಲೆ ಈ ಮೇಜು, ಪಂಪು ಎಲ್ಲ ಇನ್ನೊಂದು ಗುಂಪಿಗೆ.

ಹೊಸ ಜೀವಕೋಶ ತರಿಸಿದ್ದಾಯಿತು, ಹೊಸ ಪೋಷಕ ದ್ರವ ಮಾಡಿದ್ದಾಯಿತು. ಒಂದೊಂದು ಸಲ ಪೆಟ್ಟಿಗೆ ಕಟ್ಟಿ ಬಂದುಬಿಡೋಣ ಅನ್ನಿಸುತ್ತದೆ. ಗುಬ್ಬಿಯ ಮುಂದಿನ ಹಲ್ಲು ಬಿದ್ದದ್ದನ್ನು ನಾನು ನೋಡಲಿಲ್ಲ.

ನಿಮ್ಮ ಸೊಸೆ

*

ಏಪ್ರಿಲ್ 6

ಸೊಸೆಗೆ.

ಬರಬೇಡ.

ಹಲ್ಲು ಬಿದ್ದ ಜಾಗದಲ್ಲಿ ಇನ್ನೊಂದು ಬರುತ್ತದೆ, ಅದನ್ನು ನೋಡುವೆಯಂತೆ. ಕೈಲಾಗಲಿಲ್ಲ ಎಂದು ಬಂದರೆ ಬಾಗಿಲು ತೆಗೆಯುವವಳು ನಾನು. ನನಗೆ ಇತ್ತೀಚೆಗೆ ಕಿವಿ ಸ್ವಲ್ಪ ಮಂದ.

ನೀನು ಹೊರಡುವ ಹಿಂದಿನ ದಿನ ನಿನ್ನ ಗಂಡ ನಿನಗೆ ಏನಂದ ಎಂದು ನನಗೆ ಕೇಳಿಸಿತ್ತು. ಆಗ ಕಿವಿ ಚೆನ್ನಾಗಿತ್ತು. "ಅಪ್ಪ ಹೋಗಿ ನಾಲ್ಕು ವರ್ಷ ಆಯ್ತು. ಇನ್ನು ಲಿವರ್ ಹಿಡ್ಕೊಂಡು ಯಾರನ್ನ ಉಳಿಸ್ತೀಯ" ಅಂದ. ನೀನು ಬಟ್ಟೆ ಮಡಚುತ್ತಲೇ ಇದ್ದೆ. ನಾನು ಆಗ ಒಳಗೆ ಬಂದು ಮಾತಾಡಬೇಕಿತ್ತೋ ಏನೋ. ಗಂಡ ಹೆಂಡತಿ ಮಧ್ಯೆ ತಲೆ ಹಾಕಬಾರದೆಂದು ಬಿಟ್ಟೆ.

ಈಗ ಹೇಳುತ್ತೇನೆ. ನಿನಗೆ ಪಂಪಿನ ಮೇಲೆ ಅನುಮಾನವಿದ್ದರೆ ಪಂಪನ್ನೇ ನೋಡು. ನಿಮ್ಮ ಸರ್‌ಗೆ ತಕ್ಕಡಿ ಇದೆ, ನಿನಗೆ ಕಣ್ಣಿದೆಯಲ್ಲ.

ಇಲ್ಲಿ ಎಲ್ಲ ಸೌಖ್ಯ. ಗುಬ್ಬಿ "ಸ" ಅನ್ನಲು ಹೋಗಿ ಹಲ್ಲಿಲ್ಲದ ಸಂದಿಯಲ್ಲಿ ಗಾಳಿ ಬಿಡುತ್ತಾಳೆ, ಅಷ್ಟೇ.

ನಿನ್ನ ಅತ್ತೆ

*

ಮೇ 17

ಅತ್ತೆಯವರಿಗೆ ನಮಸ್ಕಾರ.

ಕಣ್ಣಿನಿಂದಲೇ ನೋಡಿದೆ.

ಪಕ್ಕದ ಮೇಜಿನಲ್ಲಿ ಬೆಳಕಿನ ಬಗ್ಗೆ ಸಂಶೋಧನೆ ಮಾಡುವ ಒಬ್ಬರಿದ್ದಾರೆ. ತುಂಬ ಉದ್ದ, ಹಾಗಾಗಿ ಎಲ್ಲರಿಗೂ ಅವರು ಜಿರಾಫೆ. ಅವರ ಹತ್ತಿರ ಬೆಳಕು ಬಿದ್ದರೆ ಮಿನುಗುವ ಮಣಿಗಳಿವೆ, ಧೂಳಿಗಿಂತಲೂ ಸಣ್ಣವು. ಒಂದಷ್ಟು ಕೇಳಿ ತಂದು ನನ್ನ ದ್ರವದಲ್ಲಿ ಬೆರೆಸಿದೆ. ಚೂರುಗಳಿಲ್ಲದ ಖಾಲಿ ಕೊಳವೆಯಲ್ಲಿ ಹರಿಯಲು ಬಿಟ್ಟು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ. ಹರಿವು ಸಮವಾಗಿದ್ದರೆ ಮಣಿಗಳು ಸಾಲಾಗಿ ತೇಲಿ ಹೋಗಬೇಕು.

ಅವು ನಿಂತಿದ್ದವು. ಒಂದೇ ಜಾಗದಲ್ಲಿ. ಪಂಪು ಆನ್ ಮಾಡುವುದನ್ನೇ ಮರೆತೆನೇನೋ ಎಂದು ತಿರುಗಿ ನೋಡಿದೆ, ದೀಪ ಉರಿಯುತ್ತಿತ್ತು. ಮತ್ತೆ ಕಣ್ಣಿಟ್ಟೆ. ತಟ್ಟನೆ ಎಲ್ಲ ಮಣಿಗಳೂ ಹಾರಿ ಮುಂದಕ್ಕೆ ಹೋದವು. ಮತ್ತೆ ನಿಂತವು. ಮತ್ತೆ ಹಾರಿದವು.

ವಿಷಯ ಇಷ್ಟೇ ಅತ್ತೆ. ಪಂಪಿನ ಮೋಟಾರು ಜಾರುಬಂಡಿಯ ಹಾಗೆ ಸಾಗುವುದಿಲ್ಲ, ಮೆಟ್ಟಿಲು ಹತ್ತಿದ ಹಾಗೆ ಒಂದೊಂದೇ ಹೆಜ್ಜೆ ಇಡುತ್ತದೆ. ನಾವು ಹಾಕಿದ್ದು ದಪ್ಪ ಸಿರಿಂಜು, ಬೇಗ ಖಾಲಿಯಾಗಬಾರದೆಂದು. ದಪ್ಪ ಸಿರಿಂಜಿನಲ್ಲಿ ಒಂದು ಸಣ್ಣ ಹೆಜ್ಜೆಗೂ ಬಹಳ ದ್ರವ ನುಗ್ಗುತ್ತದೆ. ಇಷ್ಟು ನಿಧಾನವಾಗಿ ಓಡಿಸಿದಾಗ ಹೆಜ್ಜೆ ಹೆಜ್ಜೆಯ ನಡುವೆ ಬಿಡುವು. ಅದರ ಮೇಲೆ ಸಿರಿಂಜಿನೊಳಗಿನ ರಬ್ಬರು ಬೇರೆ ಗಾಜಿಗೆ ಅಂಟಿಕೊಂಡು ಆಮೇಲೆ ಜಾರುತ್ತದೆ. ಪಾಪ, ಆ ಚೂರು ಸ್ವಲ್ಪ ಹೊತ್ತು ಉಪವಾಸ, ಸ್ವಲ್ಪ ಹೊತ್ತು ಪ್ರವಾಹ. ವಾರಗಟ್ಟಲೆ.

ಸರಾಸರಿ ಸರ್ ಅವರನ್ನು ಕರೆದು ತೋರಿಸಿದೆ. ಬಗ್ಗಿ ಬಹಳ ಹೊತ್ತು ನೋಡಿದರು. "ಒಟ್ಟು ಮೊತ್ತ ಸರಿ ಇದೆಯಲ್ಲಮ್ಮಾ" ಅಂದರು.

"ಸರ್, ಒಂದು ವಾರದ ಊಟಾನ ನಿಮಗೆ ಭಾನುವಾರ ಒಂದೇ ಸಲಕ್ಕೆ ತಿನ್ನಿಸಿದ್ರೂ ಸರಾಸರಿ ಸರಿಯಾಗೇ ಇರುತ್ತೆ" ಅಂದೆ. ಬಾಯಿಂದ ಬಂದ ಮೇಲೆ ಹೆದರಿಕೆಯಾಯಿತು. ಜಿರಾಫೆ ಮುಖ ಆ ಕಡೆ ತಿರುಗಿಸಿದರು. ಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಬಗ್ಗಿ ಇನ್ನೊಮ್ಮೆ ನೋಡಿದರು.

"ಸರಿಪಡಿಸೋಕೆ ಆಗುತ್ತಾ?"

"ಆಗುತ್ತೆ ಸರ್."

ಹೇಗೆ ಎಂದು ಅವರು ಕೇಳಲಿಲ್ಲ, ಪುಣ್ಯ. ಅದು ನನಗೂ ಇನ್ನೂ ಗೊತ್ತಿರಲಿಲ್ಲ.

ನಿಮ್ಮ ಸೊಸೆ

*

ಜುಲೈ 2

ಅತ್ತೆಯವರಿಗೆ ನಮಸ್ಕಾರ.

ನಿಂತುಕೊಂಡು ಓದುತ್ತಿದ್ದರೆ ಕೂತುಕೊಳ್ಳಿ. ಚೂರುಗಳು ಬದುಕಿವೆ. ಎರಡನೆಯ ವಾರ ದಾಟಿತು, ಮೂರನೆಯದು ದಾಟಿತು, ಇವತ್ತಿಗೆ ಐದನೆಯ ವಾರ. ಲಿವರ್ ಮಾಡಬೇಕಾದ ಕೆಲಸವನ್ನೆಲ್ಲ ಮಾಡಿಕೊಂಡು ಹಾಯಾಗಿವೆ.

ಸುಲಭವಾಗಿ ಆಗಲಿಲ್ಲ. ದಪ್ಪ ಸಿರಿಂಜು ತೆಗೆದು ಪೆನ್ಸಿಲಿಗಿಂತ ತೆಳುವಾದ ಗಾಜಿನ ಸಿರಿಂಜು ಹಾಕಿದೆ. ಈಗ ಅಷ್ಟೇ ದ್ರವಕ್ಕೆ ಮೋಟಾರು ಚುರುಕಾಗಿ ಓಡಬೇಕು, ಹೆಜ್ಜೆಗಳು ಒಂದಕ್ಕೊಂದು ಸೇರಿಕೊಂಡು ಹರಿವು ನುಣುಪಾಯಿತು. ಮಣಿಗಳು ಮೆರವಣಿಗೆಯ ಹಾಗೆ ಸಾಲಾಗಿ ಹೋದವು. ಕುಣಿದಾಡಿದೆ. ಮಧ್ಯಾಹ್ನದ ಹೊತ್ತಿಗೆ ಸಿರಿಂಜು ಖಾಲಿ. ಬದಲಿಸಲು ಹೋದರೆ ಹರಿವು ನಿಂತಿತು, ಜೊತೆಗೆ ಒಂದು ಗಾಳಿಗುಳ್ಳೆ ಒಳಗೆ ನುಗ್ಗಿ ಕೂತಿತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆಮೇಲೆ ಎರಡು ಪಂಪು ಇಟ್ಟೆ. ಒಂದು ತಳ್ಳುತ್ತಿರುವಾಗ ಇನ್ನೊಂದು ಹಿಂದಕ್ಕೆ ಎಳೆದು ತುಂಬಿಕೊಳ್ಳಲಿ, ಸರದಿಯ ಮೇಲೆ. ಆದರೆ ಸರದಿ ಬದಲಾಗುವಾಗ ಮಣಿಗಳು ಮತ್ತೆ ತಡವರಿಸಿದವು. ಹಿಂದಕ್ಕೆ ಬಂದ ತಿರುಪು ಮುಂದಕ್ಕೆ ಹೊರಟಾಗ, ಅದರ ಹಲ್ಲುಗಳ ನಡುವಿನ ಸಡಿಲು ತುಂಬುವ ತನಕ ಸುಮ್ಮನೆ ತಿರುಗುತ್ತದೆ, ತಳ್ಳುವುದಿಲ್ಲ. ಆ ಚಿಕ್ಕ ಅಂತರವೇ ಶನಿ. ಇದಕ್ಕೆ ಒಂದು ವಾರ ಹಿಡಿಯಿತು. ನಿಮಗೆ ಹೇಳುವುದಾದರೆ ರಿಲೇ ಓಟ. ಎರಡನೆಯವನು ಕೋಲು ಕೈಗೆ ಬಂದ ಮೇಲೆ ಓಡಲು ಶುರು ಮಾಡಿದರೆ ಕೆಟ್ಟ. ಹಾಗೆಯೇ ಎರಡನೆಯ ಪಂಪಿನ ಸಡಿಲನ್ನು ಮೊದಲೇ ತೆಗೆದುಬಿಟ್ಟೆ. ಮೊದಲನೆಯದು ನಿಧಾನವಾಗುತ್ತಾ ಬರುವಾಗ ಇದು ಅಷ್ಟಷ್ಟೇ ವೇಗ ಪಡೆಯುವಂತೆ ಕಂಪ್ಯೂಟರಿಗೆ ಪಾಠ ಹೇಳಿಕೊಟ್ಟೆ. ಈಗ ಕೋಲು ಯಾವಾಗ ಕೈ ಬದಲಾಯಿತು ಎಂದು ಮಣಿಗಳಿಗೇ ಗೊತ್ತಾಗುವುದಿಲ್ಲ.

ರಜೆ ಮುಗಿದ ಸೋಮವಾರ ಸರಾಸರಿ ಸರ್ ಇನ್ನೊಂದು ಗುಂಪಿನವರನ್ನು ಕರೆದುಕೊಂಡು ಬಂದರು, ಮೇಜು ತೋರಿಸಲು. ನಾನು ಸೂಕ್ಷ್ಮದರ್ಶಕದ ಮುಂದಿನ ಕುರ್ಚಿ ಬಿಟ್ಟು ಎದ್ದೆ. ಅವರು ಕೂತರು. ನೋಡಿದರು. "ಇದು ಯಾವಾಗ ಹಾಕಿದ್ದು?" ಎಂದು ಕೇಳಿದರು. ಹೇಳಿದೆ. ಮತ್ತೆ ಕೇಳಿದರು. ಮತ್ತೆ ಹೇಳಿದೆ. ಆಮೇಲೆ ಬಂದವರ ಕಡೆ ತಿರುಗಿ, "ನಿಮಗೆ ಬೇರೆ ಕಡೆ ಮೇಜು ನೋಡ್ತೀನಿ. ಇದು ಖಾಲಿ ಇಲ್ಲ" ಅಂದರು. ಅಷ್ಟು ಹೇಳಿ, ಇಡೀ ಮಹಡಿಯವರನ್ನು ಒಬ್ಬೊಬ್ಬರಾಗಿ ಕರೆದು ನನ್ನ ಕುರ್ಚಿಯಲ್ಲಿ ಕೂರಿಸಿದರು.

ನಾನು ಬಾತ್‌ರೂಮಿಗೆ ಹೋಗಿ ಅತ್ತು ಬಂದೆ. ಜಿರಾಫೆ ಎಲ್ಲರಿಗೂ ಕಾಫಿ ತರಿಸಿದರು.

ನಿಮ್ಮ ಸೊಸೆ

*

ಜುಲೈ 11

ನನ್ನ ಮುದ್ದು ಸೊಸೆಗೆ.

ನಿಂತುಕೊಂಡೇ ಓದಿದೆ. ಆಮೇಲೆ ಓದಿದ ಕಾಗದ ಹಿಡಿದು ಎದುರು ಮನೆಗೆ, ಪಕ್ಕದ ಮನೆಗೆ, ಔಷಧಿ ಅಂಗಡಿಗೆ ಹೋಗಿ ಬಂದೆ. ಔಷಧಿ ಅಂಗಡಿಯವನು ಅರ್ಥವಾದವನ ಹಾಗೆ ತಲೆಯಾಡಿಸಿದ. ಉಳಿದವರು ಪ್ರಾಮಾಣಿಕರು, ಏನೂ ಅರ್ಥವಾಗಲಿಲ್ಲ ಎಂದು ಹೇಳಿ ಸಂತೋಷಪಟ್ಟರು.

ಗುಬ್ಬಿ ಶಾಲೆಯಲ್ಲಿ "ನಮ್ಮಮ್ಮ ಲಿವರಿಗೆ ಊಟ ಮಾಡಿಸ್ತಾಳೆ" ಎಂದು ಹೇಳಿದ್ದಾಳೆ. ಟೀಚರ್ ನನ್ನನ್ನು ಕರೆಸಿ ವಿಚಾರಿಸಿದರು.

ನಿನ್ನ ಗಂಡ ಕಾಗದವನ್ನು ಮೇಜಿನ ಮೇಲೆ ನೋಡಿ, ಕೈಗೆ ತೆಗೆದುಕೊಳ್ಳದೆ, ಚಹಾ ಕುಡಿಯುವ ನೆಪದಲ್ಲಿ ಅಲ್ಲೇ ನಿಂತು ಓದಿದ. ಚಹಾ ಆರಿಹೋಗಿತ್ತು. "ರಿಲೇ ವಿಷಯ ಚೆನ್ನಾಗಿ ಬರೆದಿದ್ದಾಳೆ" ಅಂದ. ಅವನ ಬಾಯಿಂದ ಅದು ದೊಡ್ಡ ಭಾಷಣ.

ನಿನ್ನ ಅತ್ತೆ

*

ಆಗಸ್ಟ್ 3

ಅತ್ತೆಯವರಿಗೆ ನಮಸ್ಕಾರ.

ಒಂದು ವಿಷಯ ಕೇಳಬೇಕು. ಫೋನಿನಲ್ಲಿ ಕೇಳಲು ಆಗಲಿಲ್ಲ.

ಈಗ ಚೂರುಗಳಿಗೆ ಔಷಧಿ ಕೊಟ್ಟು ನೋಡುವ ಕೆಲಸ ಶುರುವಾಗಿದೆ. ಮೊದಲಿಗೆ ಹಳೆಯ ಔಷಧಿಗಳೇ. ಪರೀಕ್ಷೆಯಲ್ಲಿ ಪಾಸಾಗಿ ಅಂಗಡಿಗೆ ಬಂದು, ಆಮೇಲೆ ಜನರ ಲಿವರ್ ಕೆಡಿಸಿದವೆಂದು ಹಿಂದಕ್ಕೆ ತೆಗೆದುಕೊಂಡಂಥವು. ಅವುಗಳನ್ನು ನಮ್ಮ ಚೂರು ಹಿಡಿದುಹಾಕಿದರೆ ನಮ್ಮ ವಿಧಾನ ಗಟ್ಟಿ ಎಂದು ಲೆಕ್ಕ. ಯಾವುದನ್ನು ಆರಿಸಬೇಕು ಎನ್ನುವುದನ್ನು ಸರ್ ನನಗೇ ಬಿಟ್ಟಿದ್ದಾರೆ.

ಮಾವ ಮಂಡಿನೋವಿಗೆ ತೆಗೆದುಕೊಳ್ಳುತ್ತಿದ್ದ ಮಾತ್ರೆಯೂ ಅಂಥದ್ದೇ. ಲಿವರ್ ಕೆಟ್ಟು ಅವರು ತೀರಿಕೊಂಡ ಮರುವರ್ಷ ಅದನ್ನು ಅಂಗಡಿಗಳಿಂದ ತೆಗೆದರು. ನಿಮಗೂ ಗೊತ್ತು, ನಾವು ಯಾವತ್ತೂ ಮಾತಾಡಲಿಲ್ಲ.

ನೀವು ಬೇಡ ಅಂದರೆ ಬೇರೆ ಆರಿಸುತ್ತೇನೆ. ಕಾರಣ ಕೇಳುವುದಿಲ್ಲ.

ನಿಮ್ಮ ಸೊಸೆ

*

ಆಗಸ್ಟ್ 30

ಸೊಸೆಗೆ ಆಶೀರ್ವಾದ.

ಗುಬ್ಬಿಗೆ ಶಾಲೆಯ ಶೂ ಚಿಕ್ಕದಾಗಿತ್ತು, ಹೊಸದು ಕೊಡಿಸಿದೆವು. ಕಪ್ಪು ಬೇಡ, ಕೆಂಪು ಬೇಕು ಎಂದು ಅಂಗಡಿಯಲ್ಲಿ ಕೂತುಬಿಟ್ಟಳು. ಕಪ್ಪೇ ತಂದೆವು, ಕೆಂಪು ಲೇಸು ಹಾಕಿಸಿ ರಾಜಿ ಮಾಡಿಕೊಂಡೆವು. ಹಿಂಬದಿಯ ನಲ್ಲಿ ಸೋರುತ್ತಿತ್ತು, ರಿಪೇರಿಯಾಯಿತು. ನಿನ್ನ ಗಂಡನಿಗೆ ನೆಗಡಿ ಬಂದು ಹೋಯಿತು. ಕಿಟಕಿಗೆ ಹೊಸ ಪರದೆ ಹೊಲಿಸಿದೆ, ಬಣ್ಣ ನಾನು ಅಂದುಕೊಂಡಂತೆ ಬರಲಿಲ್ಲ.

ಬೇರೆ ಏನೂ ವಿಶೇಷವಿಲ್ಲ.

ಮಾಡು.

ನಿನ್ನ ಅತ್ತೆ

*

ಅಕ್ಟೋಬರ್ 12

ಅತ್ತೆಯವರಿಗೆ ನಮಸ್ಕಾರ.

ಈ ಕಾಗದವನ್ನು ಎಲ್ಲರಿಗಿಂತ ಮೊದಲು ನಿಮಗೆ ಬರೆಯುತ್ತಿದ್ದೇನೆ. ಲೇಖನ ಆಮೇಲೆ, ಸಭೆ ಆಮೇಲೆ.

ಮಾತ್ರೆಯನ್ನು ಎರಡು ರೀತಿಯಲ್ಲಿ ಪರೀಕ್ಷಿಸಿದೆ. ಮೊದಲು ಹಳೆಯ ಕ್ರಮದಲ್ಲಿ, ಬಟ್ಟಲಿನಲ್ಲಿಟ್ಟ ಜೀವಕೋಶಗಳ ಮೇಲೆ. ಅವು ಕೆಲವೇ ದಿನ ಬದುಕುವುದು, ಅಷ್ಟರೊಳಗೆ ಏನೂ ಆಗಲಿಲ್ಲ. ಆ ಮಾತ್ರೆ ಪಾಸಾದದ್ದು ಹಾಗೆಯೇ. ಆಮೇಲೆ ನಮ್ಮ ಎರಡು ಪಂಪಿನ ಚೂರುಗಳಿಗೆ ಕೊಟ್ಟೆ. ಡಾಕ್ಟರು ಬರೆದುಕೊಡುವ ಪ್ರಮಾಣದಲ್ಲಿ ರಕ್ತಕ್ಕೆ ಎಷ್ಟು ಸೇರುತ್ತದೋ ಅಷ್ಟೇ. ಮೊದಲ ವಾರ ಚೂರುಗಳು ನೆಟ್ಟಗಿದ್ದವು. ಎರಡನೆಯ ವಾರವೂ. ಮೂರನೆಯ ವಾರ ಕುಸಿಯತೊಡಗಿದವು. ಮಾತ್ರೆ ಕೊಡದ ಚೂರುಗಳು ಪಕ್ಕದಲ್ಲೇ ಆರೋಗ್ಯವಾಗಿದ್ದವು. ಮತ್ತೆ ಮಾಡಿದೆ. ಜಿರಾಫೆಯ ಕೈಯಲ್ಲೂ ಮಾಡಿಸಿದೆ, ಯಾವುದರಲ್ಲಿ ಮಾತ್ರೆ ಇದೆ ಎಂದು ಅವರಿಗೆ ಹೇಳದೆ. ಅದೇ ಫಲಿತಾಂಶ.

ಲಿವರ್ ಆ ಮಾತ್ರೆಯನ್ನು ಒಡೆದಾಗ ಒಂದು ಕೆಟ್ಟ ಪದಾರ್ಥ ಹುಟ್ಟುತ್ತದೆ. ಸ್ವಲ್ಪ ಸ್ವಲ್ಪವಾಗಿ ಒಳಗೇ ಸೇರುತ್ತಾ ಹೋಗುತ್ತದೆ. ಹೊರಗೆ ಯಾವ ಸುಳಿವೂ ಇಲ್ಲ.

ಒಂದೊಂದು ಹೊತ್ತು ತಪ್ಪಿಸಿ ಕೊಟ್ಟೂ ನೋಡಿದೆ ಅತ್ತೆ. ಯಾಕೆ ನೋಡಿದೆ ಎಂದು ನಿಮಗೆ ಗೊತ್ತಾಗುತ್ತದೆ. ಆಗಲೂ ಅದೇ ಆಯಿತು.

ಆಸ್ಪತ್ರೆಯಲ್ಲಿ ಡಾಕ್ಟರು "ಮಾತ್ರೆ ಸರಿಯಾಗಿ ತಗೊಳ್ತಿದ್ರಾ?" ಎಂದು ಕೇಳಿದಾಗ ನಾನು ನಿಮ್ಮ ಪಕ್ಕದಲ್ಲೇ ಇದ್ದೆ. "ಒಂದು ಹೊತ್ತೂ ತಪ್ಪಿಸಿಲ್ಲ, ನಾನೇ ನಿಂತು ಕೊಟ್ಟಿದ್ದೀನಿ" ಎಂದಿರಿ. ಆಮೇಲೆ ಮಾತ್ರೆಯಿಂದಲೇ ಆಯಿತೆಂದು ಗೊತ್ತಾದಾಗ ನೀವು ಕುರ್ಚಿಯ ಕೈ ಹಿಡಿದುಕೊಂಡದ್ದನ್ನೂ ನೋಡಿದೆ. ಅವತ್ತು ನನ್ನ ಹತ್ತಿರ ಇದ್ದದ್ದು ಬರೀ ಸಮಾಧಾನದ ಮಾತು. ಸಮಾಧಾನದ ಮಾತು ಯಾರು ಬೇಕಾದರೂ ಹೇಳುತ್ತಾರೆ.

ಈಗ ನಾನು ಹೇಳುತ್ತಿರುವುದು ಸಮಾಧಾನಕ್ಕಲ್ಲ. ನೋಡಿ, ಅಳೆದು, ಮತ್ತೆ ಮತ್ತೆ ಮಾಡಿ ಹೇಳುತ್ತಿದ್ದೇನೆ. ನೀವು ಮಾಡಿದ್ದರಲ್ಲಿ ತಪ್ಪಿರಲಿಲ್ಲ. ಬೇರೆ ಯಾರೇ ಕೊಟ್ಟಿದ್ದರೂ, ಹೇಗೇ ಕೊಟ್ಟಿದ್ದರೂ ಹೀಗೇ ಆಗುತ್ತಿತ್ತು. ಆಗ ಇದನ್ನು ಕಂಡುಹಿಡಿಯುವ ದಾರಿ ಯಾರ ಹತ್ತಿರವೂ ಇರಲಿಲ್ಲ. ಈಗ ಇದೆ.

ಸರ್ ಇನ್ನೂ ಒಂದು ಕೋಣೆ ಕೊಡುತ್ತೇನೆ, ಇಪ್ಪತ್ತು ಪಂಪು ಇಡು, ನಾಲ್ಕು ಜನರನ್ನು ತೆಗೆದುಕೋ ಅನ್ನುತ್ತಿದ್ದಾರೆ. ಒಪ್ಪಿದರೆ ಇನ್ನೂ ಎರಡು ವರ್ಷ. ಮನೆಯಲ್ಲಿ ಕೇಳಿ ಹೇಳುತ್ತೇನೆ ಅಂದಿದ್ದೇನೆ.

ನಿಮ್ಮ ಸೊಸೆ

*

ಅಕ್ಟೋಬರ್ 21

ಗುಬ್ಬಿಯ ಅಮ್ಮನಿಗೆ,

ನಿನಗೆ ಕಾಗದ ಬರೆಯಲು ಅಮ್ಮ ಎರಡು ದಿನದಿಂದ ಕೂರುತ್ತಿದ್ದಾಳೆ. ಬರೆಯುತ್ತಾಳೆ, ಹರಿದುಹಾಕುತ್ತಾಳೆ. ಹೀಗಾದರೆ ನಿನಗೆ ಸುದ್ದಿ ಮುಟ್ಟುವುದಿಲ್ಲ ಎಂದು ನಾನೇ ಬರೆಯುತ್ತಿದ್ದೇನೆ. ನನಗೆ ಅಭ್ಯಾಸವಿಲ್ಲ. ತಪ್ಪಿದ್ದರೆ ಸರಿಮಾಡಿಕೊಂಡು ಓದು.

ನಿನ್ನ ಕಾಗದ ಬಂದ ದಿನ ಅಮ್ಮ ಒಬ್ಬಳೇ ಓದಿದಳು. ಆಮೇಲೆ ನನ್ನ ಕೈಗೆ ಕೊಟ್ಟು "ಜೋರಾಗಿ ಓದು" ಅಂದಳು. ಓದಿದೆ. ನೀನು ಒಂದೊಂದು ಹೊತ್ತು ತಪ್ಪಿಸಿ ಕೊಟ್ಟ ವಿಷಯ ಬಂದಾಗ "ಅದನ್ನ ಇನ್ನೊಂದ್ಸಲ ಓದು" ಅಂದಳು. ಓದಿದೆ. "ಇನ್ನೊಂದ್ಸಲ" ಅಂದಳು. ಮೂರನೆಯ ಸಲ ಅರ್ಧಕ್ಕೇ ಕಾಗದವನ್ನು ಗುಬ್ಬಿಯ ಕೈಗೆ ಕೊಟ್ಟೆ, ಉಳಿದದ್ದನ್ನು ಅವಳು ಅಕ್ಷರ ಕೂಡಿಸಿಕೊಂಡು ಕೂಡಿಸಿಕೊಂಡು ಓದಿ ಮುಗಿಸಿದಳು. ಇಷ್ಟು ವರ್ಷ ಅಮ್ಮನ ತಲೆಯಲ್ಲಿ ಇದು ಕೂತಿತ್ತು ಎಂದು ಒಂದೇ ಮನೆಯಲ್ಲಿರುವ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಮರುದಿನ ಅಮ್ಮ ಏಳಲಿಲ್ಲ. ನನಗೆ ಬುದ್ಧಿ ಬಂದಾಗಿನಿಂದ ಅವಳು ಸೂರ್ಯನಿಗಿಂತ ತಡವಾಗಿ ಎದ್ದದ್ದು ನಾನು ಕಂಡಿಲ್ಲ. ಬಿಸಿಲು ಕಿಟಕಿ ದಾಟಿ ಗೋಡೆಗೆ ಬಂದರೂ ಸದ್ದಿಲ್ಲ. ಹೆದರಿ ಹೋಗಿ ಭುಜ ಮುಟ್ಟಿದೆ. ಕಣ್ಣು ತೆರೆಯದೆ "ಇವತ್ತು ಶಾಲೆಗೆ ರಜೆ" ಎಂದು ಹೇಳಿ ಆ ಕಡೆ ಹೊರಳಿದಳು. ಮಧ್ಯಾಹ್ನದವರೆಗೂ ಮಲಗಿದ್ದಳು. ಎದ್ದು ಎರಡು ಸಲ ಬಡಿಸಿಕೊಂಡು ಊಟ ಮಾಡಿದಳು.

ನಿಮ್ಮ ಸರ್ ಕೊಡುವ ಕೋಣೆಯ ವಿಷಯ. ಒಪ್ಪಿಕೋ. ನನ್ನ ಕೆಲಸ ಎಲ್ಲಿ ಬಸ್ಸಿದೆಯೋ ಅಲ್ಲಿ ನಡೆಯುತ್ತದೆ, ವರ್ಗಾವಣೆಗೆ ಅರ್ಜಿ ಹಾಕಿದ್ದೇನೆ. ಗುಬ್ಬಿಯ ಪರೀಕ್ಷೆ ಮುಗಿದ ಮೇಲೆ ಮೂವರೂ ಬರುತ್ತೇವೆ. ಗಾಜಿನ ಅಂಗಡಿಯ ಮೇಲಿನ ಕೋಣೆ ಸಾಕಾಗುವುದಿಲ್ಲ, ನಾಲ್ಕು ಜನರಿಗೆ ಆಗುವ ಮನೆ ನೋಡು.

ನಿನ್ನನ್ನು ನೋಡದೆ ಬಹಳ ದಿನವಾಯಿತು.

ಗುಬ್ಬಿಯ ಅಪ್ಪ

ಇದರ ಕೆಳಗೆ ನಾನು, ನಿನ್ನ ಅತ್ತೆ. ಎರಡು ಸಲ ಬಡಿಸಿಕೊಂಡದ್ದನ್ನೆಲ್ಲ ಬರೆಯುವ ಅಗತ್ಯವಿರಲಿಲ್ಲ ಇವನಿಗೆ. ನಾನು ಬರೆಯಬೇಕೆಂದಿದ್ದು ಒಂದೇ ಮಾತು, ಎಷ್ಟು ಸಲ ಬರೆದರೂ ಉದ್ದವಾಗುತ್ತಿತ್ತು. ನಿನ್ನೆ ಸಂಜೆ ಒಬ್ಬಳೇ ಕೂತು ನಿನ್ನ ಮಾವನ ಜೊತೆ ಮನಸ್ಸಿನಲ್ಲೇ ಬಹಳ ಹೊತ್ತು ಮಾತಾಡಿದೆ. ಅವರು ಹೋದ ಮೇಲೆ ಇದೇ ಮೊದಲು. ನಿನ್ನ ಹೆಸರು ಹೇಳಿದೆ, ನೀನು ಮಾಡಿದ್ದನ್ನು ಹೇಳಿದೆ. ಮನೆ ಮೈದಾನದ ಹತ್ತಿರ ಸಿಕ್ಕರೆ ಒಳ್ಳೆಯದು; ಬೆಳಿಗ್ಗೆ ಓಡಲು ಹೋಗಬೇಕು.